ತೋಟದ ಮನೆಯೋ, ಊರೊಳಗಿನ ಮನೆಯೋ: ರಜೆಗೆ ಬಾಡಿಗೆ ಹಿಡಿದ ಎರಡು ಮನೆಗಳು

ದಾವಣಗೆರೆಯವರಾದ ನಾವು ಸತತ ಎರಡು ವರ್ಷ ಮಕ್ಕಳ ರಜೆಗೆ ಚಿತ್ರದುರ್ಗದ ಸೀಮೆಯಲ್ಲಿ ಮನೆ ಬಾಡಿಗೆಗೆ ಹಿಡಿದು ಮೂರು ಮೂರು ದಿನ ತಂಗಿದ್ದೆವು. ಮೊದಲ ಸಲ ಹಿಡಿದದ್ದು ಹಿರಿಯೂರಿನ ಕಡೆ, 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರಕ್ಕೆ, ಅಂದರೆ ಊರವರ ಮಾರಿಕಣಿವೆಗೆ, ಸಮೀಪದ ತೋಟದ ಮನೆ. ಎರಡನೆಯದು ದುರ್ಗದ ಕೋಟೆಯ ತಪ್ಪಲಿನ ಹಳೆಯ ಮನೆ. ಜೊತೆಯಲ್ಲಿ ಐದು ವರ್ಷದ ಮಗಳು, ಎಂಟರ ಮಗ ಮತ್ತು ಮಂಡಿನೋವಿನ ಅತ್ತೆ ಇದ್ದರು.

ನೋಟಕ್ಕೆ ತೋಟದ ಮನೆಯೇ ಮೇಲು. ಹೊಸ ವೈರಿಂಗ್ ಇತ್ತು. ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿದೊಡನೆ ವಿದ್ಯುತ್ ಕಡಿದುಹೋಯಿತು, ಅಂದರೆ ಸಾಧನ ಸರಿಯಾಗಿತ್ತು. ಆದರೆ ಚಿತ್ರದಲ್ಲಿ ಚೆಂದದ ಕೊಳದಂತೆ ಕಂಡಿದ್ದು ಹೋಗಿ ನೋಡಿದರೆ ಕೃಷಿ ಹೊಂಡ. ಒಂದು ಬದಿಗೆ ಬೇಲಿಯೇ ಇರಲಿಲ್ಲ. ಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಗುಲಿದರೆ ಎಷ್ಟು ಜಾರುತ್ತದೆಂದರೆ, ಒಳಗೆ ಬಿದ್ದವರು ದೊಡ್ಡವರಾದರೂ ಹಿಡಿಯಲು ಆಸರೆ ಸಿಗದೆ ಮೇಲೆ ಬರಲಾರರು. ಮೂರೂ ದಿನ ನಾನು ಮತ್ತು ನನ್ನ ಹೆಂಡತಿ ಸರದಿಯ ಮೇಲೆ ಕಾವಲು ಕಾದೆವು. ಅದನ್ನು ರಜೆ ಎನ್ನಲಾಗದು. ಬಾಗಿಲಿಗೆ ನಂಬರೂ ಇಲ್ಲದ ಆ ಮನೆಯಿಂದ 112ಕ್ಕೆ ಕರೆ ಮಾಡಬೇಕಾಗಿ ಬಂದರೆ ದಾರಿ ಹೇಳುವುದು ಹೇಗೆಂದು, ಹತ್ತಿರದ ಹಳ್ಳಿಯ ಹೆಸರು ಮತ್ತು ತಿರುವಿನ ಗುರುತುಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು.

ಊರೊಳಗಿನ ಮನೆಯ ಕುಂದುಗಳು ಬೇರೆಯವು, ಎಣಿಕೆಯಲ್ಲಿ ಹೆಚ್ಚೇ. ಹಳೆಯ ಫ್ಯೂಸ್ ಪೆಟ್ಟಿಗೆ, ಮೊಣಕಾಲೆತ್ತರದ ಮಹಡಿಗೋಡೆ, ಕಿಟಕಿ ತೆರೆದರೆ ಒಳನುಗ್ಗುವ ಕೋತಿಗಳು. ಎಲ್ಲಕ್ಕಿಂತ ಕೆಟ್ಟದ್ದು ಬಚ್ಚಲಿನೊಳಗೇ ಕೂರಿಸಿದ್ದ ಗ್ಯಾಸ್ ಗೀಸರ್. ಚಳಿಗೆಂದು ಯಾರೋ ಗವಾಕ್ಷಿಗೆ ರಟ್ಟನ್ನು ಬೇರೆ ತುರುಕಿದ್ದರು. ಗಾಳಿ ಸಾಲದೆ ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸ್ನಾನಕ್ಕೆ ಹೋದವರು ತಲೆಸುತ್ತು ಬಂದು ಅಲ್ಲಿಯೇ ಕುಸಿಯಬಹುದು. ನಾವು ರಟ್ಟನ್ನು ಕಿತ್ತೆಸೆದು, ಬಾಗಿಲು ತೆರೆದಿಟ್ಟು ಬಕೆಟ್ಟು ತುಂಬಿಸಿಕೊಂಡು, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಸ್ನಾನಕ್ಕೆ ಹೋಗುವ ಪದ್ಧತಿ ಮಾಡಿಕೊಂಡೆವು. ಮಹಡಿಯ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅತ್ತೆಯ ಸೆರಗಿಗೆ ಕಟ್ಟಿದೆವು.

ಆದರೂ ನನ್ನ ಆಯ್ಕೆ ಈ ಮನೆಯೇ. ಇಲ್ಲಿನ ಅಪಾಯಗಳಿಗೆ ಬಂದ ಮೊದಲ ಅರ್ಧ ಗಂಟೆಯಲ್ಲಿ ಕಡಿವಾಣ ಹಾಕಬಹುದಿತ್ತು. ಹೊಂಡಕ್ಕೆ ಹಾಗೆ ಬೀಗ ಹಾಕಲಾಗದು. ಆಸ್ಪತ್ರೆ, ಔಷಧಿ ಅಂಗಡಿ ಹತ್ತಿರದಲ್ಲಿದ್ದವು, ಕೂಗಿದರೆ ಓಗೊಡುವ ನೆರೆಯವರಿದ್ದರು. ಕುಡಿಯುವ ನೀರಿನಲ್ಲಿ ಮಾತ್ರ ವ್ಯತ್ಯಾಸವಿಲ್ಲ: ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಎರಡೂ ಕಡೆ ಶುದ್ಧೀಕರಿಸಿದ ಕ್ಯಾನ್ ನೀರನ್ನೇ ತರಿಸಿದೆವು.

ಈ ದಸರೆಗೂ ದುರ್ಗದ ಮನೆಯನ್ನೇ ಕೇಳಿದ್ದೇವೆ. ಗೀಸರನ್ನು ಹೊರಗೋಡೆಗೆ ಸಾಗಿಸಿರುವುದಾಗಿ ಮಾಲೀಕರು ಚಿತ್ರ ಕಳುಹಿಸಿದ್ದಾರೆ. ಮಹಡಿಗೋಡೆ ಇನ್ನೂ ಮೊಣಕಾಲೆತ್ತರವೇ ಇರುವುದರಿಂದ ಅತ್ತೆಗೆ ಕೀಲಿಕೈಯ ಹೊಣೆ ತಪ್ಪಿಲ್ಲ.