ತಮಗೋಚಿ: ಮೂರು ಗುಂಡಿ, ಒಂದು ಹಠಮಾರಿ ಜೀವ

ತಮಗೋಚಿ ಅಂದರೆ ಅಂಗೈಯಲ್ಲಿ ಹಿಡಿಯುವ ಎಲೆಕ್ಟ್ರಾನಿಕ್ ಆಟಿಕೆ, ಅದರ ಪರದೆಯೊಳಗಿನ ಜೀವಿಯನ್ನು ನಾವು ಸಾಕಬೇಕು. 1996ರಲ್ಲಿ ಜಪಾನಿನ ಬಂದಾಯ್ ಕಂಪನಿ ಹೊರತಂದ ಮೊದಲ ತಮಗೋಚಿ ಮತ್ತೆ ಸಿಗುತ್ತಿದೆ. ಅದೇ ಮೊಟ್ಟೆ ಆಕಾರ, ಅದೇ ಮೂರು ಗುಂಡಿ, ಅದೇ ಕಪ್ಪು ಚುಕ್ಕಿಗಳ ಪುಟ್ಟ ಪರದೆ. ಬಣ್ಣದ ಪರದೆಯ ಹೊಸ ಮಾದರಿಗಳೂ ಇವೆ. ಆದರೆ ನನ್ನ ಮಟ್ಟಿಗೆ ಸಾಕುಪ್ರಾಣಿ ಅಂದರೆ ಇದೇ.

ಗಡಿಯಾರದ ಸಮಯ ಹೊಂದಿಸಿ. ಐದು ನಿಮಿಷಕ್ಕೆ ಮೊಟ್ಟೆ ಒಡೆಯುತ್ತದೆ. ಒಳಗಿಂದ ಬರುವ ಮರಿ, ಅಂದರೆ ಬೇಬಿಚಿ, ಕಣ್ಣು ಬಾಯಿ ಇರುವ ಒಂದು ಕಪ್ಪು ಉಂಡೆ, ಅಷ್ಟೇ. ಈ ಹಂತ ಇರುವುದು ಒಂದು ಗಂಟೆ ಮಾತ್ರ, ಆದರೆ ಆ ಗಂಟೆಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹಸಿವು ಅನ್ನುತ್ತದೆ, ಬೇಜಾರು ಅನ್ನುತ್ತದೆ, ಗಲೀಜು ಮಾಡುತ್ತದೆ. ಆಮೇಲೆ ಮುಂದಿನ ಹಂತದ ಮಾರುಚಿಯಾಗಿ ಸ್ವಲ್ಪ ಸಮಾಧಾನ ಆಗುತ್ತದೆ. ರಾತ್ರಿ ಎಂಟಕ್ಕೆ ಮಲಗುತ್ತದೆ. ದೀಪ ಆರಿಸುವ ಕೆಲಸ ನಿಮ್ಮದು. ನಮ್ಮ ಒಂದು ದಿನ ಅದಕ್ಕೆ ಒಂದು ವರ್ಷ.

ಅದರ ಸ್ಥಿತಿ ತೋರಿಸಲು ಪರದೆಯಲ್ಲಿ ಹಸಿವಿಗೆ ನಾಲ್ಕು ಹೃದಯ, ಖುಷಿಗೆ ನಾಲ್ಕು ಹೃದಯ. ಊಟ ಕೊಟ್ಟರೆ ಹಸಿವಿನ ಹೃದಯ ತುಂಬುತ್ತದೆ, ಸಿಹಿ ಕೊಟ್ಟರೆ ಖುಷಿಯ ಹೃದಯ ತುಂಬುತ್ತದೆ. ಆದರೆ ಸಿಹಿಯಿಂದ ತೂಕ ಜಾಸ್ತಿ ಏರುತ್ತದೆ. ಹಾಗಾಗಿ ಆಟ ಆಡಿಸಿಯೇ ಖುಷಿಪಡಿಸುವುದು ಒಳ್ಳೆಯದು. ಅದು ಎಡಕ್ಕೆ ತಿರುಗುತ್ತೋ ಬಲಕ್ಕೋ ಅಂತ ಊಹಿಸಬೇಕು. ಐದರಲ್ಲಿ ಮೂರು ಸರಿಯಾದರೆ ಗೆದ್ದಂತೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಗದರುವ ಆಯ್ಕೆ. ಬೀಪ್ ಅನ್ನುತ್ತದೆ. ಪರದೆಯ ಕೆಳಗೆ ಕರೆಯುವ ಗುರುತು ಹೊತ್ತಿಕೊಂಡಿದೆ. ಹೃದಯ ನೋಡಿದರೆ ಎಲ್ಲಾ ತುಂಬಿವೆ. ಗಲೀಜಿಲ್ಲ, ಕಾಯಿಲೆ ಇಲ್ಲ. ಊಟ ಕೊಡಲು ಹೋದರೆ ತಲೆಯಾಡಿಸಿ ಬೇಡ ಅನ್ನುತ್ತದೆ. ಸುಮ್ನೆ ಕರೆದಿದೆ! ಆಗ ಗದರಬೇಕು. ಹಾಗೆ ಗದರಿದಾಗ ಮಾತ್ರ ಶಿಸ್ತಿನ ಪಟ್ಟಿ ಒಂದು ಹೆಜ್ಜೆ ತುಂಬುತ್ತದೆ. ಯಾವುದು ನಿಜವಾದ ಕರೆ, ಯಾವುದು ಹಠ ಅಂತ ನೋಡಿ ತಿಳಿದುಕೊಳ್ಳಬೇಕು. ಇಷ್ಟು ಕಡಿಮೆ ಚುಕ್ಕಿಗಳಲ್ಲಿ ಇಷ್ಟು ಸ್ವಭಾವ ತಂದಿದ್ದಾರಲ್ಲ, ಅದಕ್ಕೆ ನಾನು ಮನಸೋತಿದ್ದೇನೆ.

ದೊಡ್ಡದಾದ ಮೇಲೆ ಏನಾಗುತ್ತದೆ ಅನ್ನುವುದೂ ಇದರ ಮೇಲೇ ನಿಂತಿದೆ. ಚೆನ್ನಾಗಿ ನೋಡಿಕೊಂಡು ಶಿಸ್ತನ್ನೂ ಕಲಿಸಿದರೆ ಕಿವಿ ನಿಮಿರಿಸಿದ ಜಾಣ ಮಮೆಚಿ. ಕರೆದಾಗ ಹೋಗದೆ ಬಿಟ್ಟರೆ ಹಾವಿನಂಥ ನ್ಯೋರೋಚಿಯೋ ದಪ್ಪ ತುಟಿಯ ತಾರಾಕೋಚಿಯೋ ಆಗಬಹುದು. ಮಾಸ್ಕುಚಿ ಅನ್ನುವ ಇನ್ನೊಂದು ರೂಪ ಬಂದರೆ ಬೇಸರ ಬೇಡ, ಅದನ್ನು ಜೋಪಾನವಾಗಿ ನೋಡಿಕೊಂಡರೆ ನಡುವಯಸ್ಸಿನ ಗಂಡಸಿನ ಮುಖದ ಓಯಾಜಿಚಿ ಬರುವ ಸಾಧ್ಯತೆ ಇದೆ. ಅದೊಂದು ಗುಟ್ಟಿನ ಪಾತ್ರ. ಇವೆಲ್ಲ ಬೇರೊಂದು ಗ್ರಹದಿಂದ ಬಂದ ಜೀವಿಗಳು ಅನ್ನುವುದು ಇದರ ಕಥೆ. ಜಪಾನಿ ಆವೃತ್ತಿಯಲ್ಲಿ ಅದು ಸತ್ತಾಗ ಸಮಾಧಿ ಮತ್ತು ಭೂತ ಕಾಣುತ್ತದೆ, ಇಂಗ್ಲಿಷ್ ಆವೃತ್ತಿಯಲ್ಲಿ ರೆಕ್ಕೆಯ ದೇವದೂತ. ಜಪಾನಿ ಆವೃತ್ತಿಯೇ ಪ್ರಾಮಾಣಿಕ ಅನ್ನಿಸುತ್ತದೆ ನನಗೆ. ಚಿಕ್ಕ ಮಕ್ಕಳ ಕೈಗೆ ಕೊಡುವವರು ಮಾತ್ರ ಇದನ್ನು ಮೊದಲೇ ಹೇಳಿಬಿಡಿ.

ಕೊರತೆಗಳೂ ಇವೆ. ಪರದೆಗೆ ಬೆಳಕಿಲ್ಲ, ಕತ್ತಲಲ್ಲಿ ಏನೂ ಕಾಣದು. ಸದ್ದನ್ನು ಪೂರ್ತಿ ನಿಲ್ಲಿಸಬಹುದು, ತಗ್ಗಿಸಲು ಆಗದು. ಸದ್ದು ನಿಲ್ಲಿಸಿದರೆ ಕರೆ ತಪ್ಪಿಹೋಗುತ್ತದೆ, ಅಲ್ವಾ? ಬ್ಯಾಟರಿ ತೆಗೆದರೆ ಸಾಕಿದ್ದೆಲ್ಲ ಹೋಗಿ ಮತ್ತೆ ಮೊಟ್ಟೆಯಿಂದ ಶುರು. ಇದು ನಿಜಕ್ಕೂ ಬೇಸರದ ಸಂಗತಿ.

ವಿರಾಮದ ಗುಂಡಿ ಇಲ್ಲ ಅಂತ ಕೆಲವರು ದೂರುತ್ತಾರೆ. ಗಡಿಯಾರ ಹೊಂದಿಸುವ ಪರದೆಯಲ್ಲೇ ಬಿಟ್ಟರೆ ಎಲ್ಲ ನಿಂತಿರುತ್ತದೆ, ಹಳಬರಿಗೆ ಈ ಉಪಾಯ ಗೊತ್ತು. ಸಭೆಯಲ್ಲೋ ಪರೀಕ್ಷೆಯಲ್ಲೋ ಇದ್ದಾಗ ಮಾತ್ರ ಬಳಸಿ. ದಿನವಿಡೀ ನಿಲ್ಲಿಸಿಟ್ಟರೆ ಅದು ಬೆಳೆಯುವುದೇ ಇಲ್ಲ. ದಿನದಲ್ಲಿ ಆಗಾಗ ಎರಡು ನಿಮಿಷ ಕೊಡುವವರು ಧಾರಾಳವಾಗಿ ಕೊಳ್ಳಿ. ಅಷ್ಟೂ ಪುರುಸೊತ್ತಿಲ್ಲದವರು ಸದ್ಯಕ್ಕೆ ಬಿಡಿ.