ಮೊನಾರ್ಕ್ ವಾಚ್ ಟ್ಯಾಗ್ ಕಿಟ್: ಚೀಟಿಗಿಂತ ಲೆಕ್ಕದ ಹಾಳೆಗೇ ಬೆಲೆ

ಚಳಿಗಾಲ ಕಳೆಯಲು ಮೆಕ್ಸಿಕೋಗೆ ವಲಸೆ ಹೋಗುವ ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಗಳ ಅಧ್ಯಯನಕ್ಕಾಗಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಚಿಪ್ ಟೇಲರ್ 1992ರಲ್ಲಿ ಆರಂಭಿಸಿದ ಮೊನಾರ್ಕ್ ವಾಚ್ ಯೋಜನೆಯು ಪ್ರತಿವರ್ಷ ಮಾರುವ ಟ್ಯಾಗ್ ಕಿಟ್ಟನ್ನು ರಾಕಿ ಪರ್ವತಗಳ ಪೂರ್ವಕ್ಕೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ, ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಿಗೆ, ನಾನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಅದರಲ್ಲಿ ಮುಖ್ಯವಾಗಿ ಇರುವುದು ಸ್ಟಿಕ್ಕರ್ ಬಿಂದಿಯಷ್ಟು ಅಗಲದ, ಸಂಕೇತ ಅಚ್ಚಾದ ಅಂಟುಚೀಟಿಗಳು. ಬಲೆಯನ್ನು ಬೇರೆಯಾಗಿ ಕೊಳ್ಳಬೇಕು. ಬೇಸಗೆಯ ಕೊನೆಯಲ್ಲಿ ದಕ್ಷಿಣಕ್ಕೆ ಹೊರಟ ಚಿಟ್ಟೆಯನ್ನು ಹಿಡಿದು, ಹಿಂದಿನ ರೆಕ್ಕೆಯ ತಳಬದಿಯಲ್ಲಿ ನರಗಳ ನಡುವಿನ ದೊಡ್ಡ ಕೋಶದ ಮೇಲೆ ಚೀಟಿಯನ್ನು ಮೃದುವಾಗಿ ಒತ್ತಿ ಹಾರಲು ಬಿಟ್ಟರೆ ಕೆಲಸ ಮುಗಿಯಿತು.

ತಮ್ಮ ಚಿಟ್ಟೆ ಮೆಕ್ಸಿಕೋದ ಮಿಚೊವಾಕನ್ ಬೆಟ್ಟಗಳ ಒಯಾಮೆಲ್ ಎಂಬ ಫರ್ ಮರಗಳ ಕಾಡಿನಲ್ಲಿ ಸಿಕ್ಕಿತೆಂಬ ಸುದ್ದಿಗಾಗಿಯೇ ಕಿಟ್ ಕೊಳ್ಳುವವರಿಗೆ ಬಹುಪಾಲು ನಿರಾಶೆಯೇ ಕಾದಿದೆ. ನೂರಕ್ಕೆ ಒಂದು ಚೀಟಿ ಪತ್ತೆಯಾದರೆ ಹೆಚ್ಚು. ಅಲ್ಲಿನ ಹಳ್ಳಿಗರು ಸತ್ತುಬಿದ್ದ ಚಿಟ್ಟೆಗಳ ನಡುವೆ ಹುಡುಕಿ ತೆಗೆದ ಚೀಟಿಗಳನ್ನು ಯೋಜನೆಯವರು ಹಣ ಕೊಟ್ಟು ಪಡೆಯುತ್ತಾರೆ. 2002ರ ಜನವರಿಯ ಬಿರುಗಾಳಿಗೆ ಕೋಟ್ಯಂತರ ಚಿಟ್ಟೆಗಳು ಬಲಿಯಾದಾಗ ಚೀಟಿಗಳು ಹೇರಳವಾಗಿ ಸಿಕ್ಕವು. ಆದ್ದರಿಂದ ಹೆಚ್ಚು ಚೀಟಿ ಸಿಕ್ಕ ವರ್ಷವನ್ನು ಚಿಟ್ಟೆಗಳ ಸುಭಿಕ್ಷದ ವರ್ಷವೆಂದು ತಿಳಿಯಬಾರದು.

ಹಾಕಿದ ಪ್ರತಿ ಚೀಟಿಯ ಸಂಕೇತ, ದಿನಾಂಕ, ಊರು, ಚಿಟ್ಟೆ ಗಂಡೋ ಹೆಣ್ಣೋ, ಸಾಕಿದ್ದೋ ಬಯಲಲ್ಲಿ ಹಿಡಿದದ್ದೋ ಎಂಬುದನ್ನೆಲ್ಲ ತುಂಬಿ ಕಳುಹಿಸುವ ಹಾಳೆಯೇ ಈ ಕಿಟ್ಟಿನ ಜೀವಾಳ. 1996–97ರ ಚಳಿಗಾಲದಲ್ಲಿ ಮೆಕ್ಸಿಕೋದಲ್ಲಿ 18.19 ಹೆಕ್ಟೇರ್ ಕಾಡನ್ನು ಆವರಿಸಿದ್ದ ಚಿಟ್ಟೆಗಳು 2013–14ರಲ್ಲಿ 0.67 ಹೆಕ್ಟೇರಿಗೆ ಇಳಿದುವು. ಅವು ವಲಸೆಯ ದಾರಿಯಲ್ಲಿ ಸಾಯುತ್ತಿವೆಯೋ, ಅಥವಾ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳ ಗ್ಲೈಫೊಸೇಟ್ ಕಳೆನಾಶಕದಿಂದ ಮರಿಹುಳುಗಳ ಏಕೈಕ ಆಹಾರವಾದ ಮಿಲ್ಕ್‌ವೀಡ್ ಅಳಿದು ಹುಟ್ಟುವುದೇ ಕಡಿಮೆಯಾಗಿದೆಯೋ ಎಂಬ ವಾದವೆದ್ದಾಗ, ಟೇಲರ್ ಮತ್ತು ಸಂಗಡಿಗರು 1998ರಿಂದ 2015ರವರೆಗಿನ ಹತ್ತು ಲಕ್ಷಕ್ಕೂ ಹೆಚ್ಚು ಟ್ಯಾಗ್‌ಗಳ ದಾಖಲೆಗಳನ್ನು ಪರಿಶೀಲಿಸಿ, ವಲಸೆಯ ಯಶಸ್ಸು ಕುಸಿದಿಲ್ಲವೆಂದೂ ಬೇಸಗೆಯ ಸಂತತಿಯ ಗಾತ್ರವೇ ನಿರ್ಣಾಯಕವೆಂದೂ 2020ರಲ್ಲಿ ಪ್ರಕಟಿಸಿದರು. ಪತ್ತೆಯಾಗದ ಚೀಟಿಗಳ ದಾಖಲೆ ಇಲ್ಲದೆ ಈ ಲೆಕ್ಕ ಸಾಧ್ಯವೇ ಇರಲಿಲ್ಲ.

ಕೊರತೆಯೂ ಇದೆ. ಹೊರಟ ಊರು ಮತ್ತು ಸಿಕ್ಕ ಜಾಗ ಬಿಟ್ಟರೆ ನಡುವಿನ ಪಯಣದ ಬಗ್ಗೆ ಚೀಟಿ ಏನನ್ನೂ ತಿಳಿಸದು. ಚಿಟ್ಟೆಯನ್ನು ಉಳಿಸುವ ಶಕ್ತಿಯಂತೂ ಅದಕ್ಕಿಲ್ಲ. ಚಿಟ್ಟೆ ಉಳಿಯಬೇಕಾದರೆ ನಮ್ಮ ಎಕ್ಕದ ಬಳಗಕ್ಕೇ ಸೇರಿದ ಮಿಲ್ಕ್‌ವೀಡನ್ನು ಹಿತ್ತಿಲಲ್ಲಿ ಬೆಳೆಸಬೇಕು. ನರ್ಸರಿಗಳಲ್ಲಿ ಸುಲಭವಾಗಿ ಸಿಗುವ, ಕೆಂಪು-ಹಳದಿ ಹೂವಿನ ಉಷ್ಣವಲಯದ ಜಾತಿಯು ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಚಳಿಗಾಲದಲ್ಲೂ ಒಣಗದೆ ಚಿಟ್ಟೆಗಳ ಪರಾವಲಂಬಿ ರೋಗಾಣುವಿಗೆ ಆಸರೆಯಾಗುವುದರಿಂದ, ಅಲ್ಲಿರುವವರು ಸ್ಥಳೀಯ ಜಾತಿಯನ್ನೇ ಕೇಳಿ ಕೊಳ್ಳುವುದು ಒಳಿತು.