ಗೈಡ್ ಬುಷ್, ಬೇರಿಂಗ್ ಬಿಟ್: ಬಾಗಿಲಿಗೆ ಯಾವುದು, ಸ್ಟೂಲಿಗೆ ಯಾವುದು?

ಟೆಂಪ್ಲೇಟ್ (ಬೇಕಾದ ಆಕಾರಕ್ಕೆ ಕತ್ತರಿಸಿಟ್ಟ ಮಾದರಿ ಹಲಗೆ) ಇಟ್ಟು ರೌಟರ್ (ಮರ ಕೊರೆಯುವ ಯಂತ್ರ) ಓಡಿಸಬೇಕು ಅಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಬೇರಿಂಗ್ ಬಿಟ್ಟನ್ನೇ, ಅಂದರೆ ಟೆಂಪ್ಲೇಟಿನ ಅಂಚಿಗೆ ಒರಗಿ ಉರುಳುವ ಬೇರಿಂಗ್ ಇರುವ ಅಲಗನ್ನೇ, ಕೈಗಿಡುತ್ತಾರೆ. ಗೈಡ್ ಬುಷ್, ಅಂದರೆ ಬಿಟ್ಟಿನ ಸುತ್ತ ತಳಕ್ಕೆ ಕೂರುವ ಕತ್ತಿರುವ ಉಂಗುರ, ಟ್ರಿಮ್ಮರ್ (ಚಿಕ್ಕ ರೌಟರ್) ಜೊತೆಗೇ ಬಂದಿದ್ದರೂ ಡಬ್ಬದಲ್ಲೇ ಉಳಿದಿರುತ್ತದೆ. ಚಿಕ್ಕಮಗಳೂರಿನ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಾನು ಎರಡನ್ನೂ ಎರಡು ಕೆಲಸಕ್ಕೆ ಹಚ್ಚಿ ನೋಡಿದೆ. ಒಂದು, ಬಾಗಿಲಿಗೆ ಹಿಂಜ್ ಕೂರಿಸುವುದು. ಇನ್ನೊಂದು, ಕಾಫಿ ತೋಟದ ಸಿಲ್ವರ್ (ಸಿಲ್ವರ್ ಓಕ್) ಮರದ ಹಲಗೆಯಲ್ಲಿ ಬಾಗಿದ ಕಾಲಿನ ಸ್ಟೂಲು.

ಹಿಂಜಿನ ಕೆಲಸದಲ್ಲಿ ಬುಷ್ ಮುಂದೆ ಬೇರಿಂಗ್ ನಿಲ್ಲುವುದೇ ಇಲ್ಲ. ಕಾರಣ ಆಳ. ಹಿಂಜಿಗೆ ಬೇಕಾದ ಕಚ್ಚು 3 ಮಿ.ಮೀ. ಅಷ್ಟೇ. ಮೇಲುಗಡೆ ಬೇರಿಂಗ್ ಇರುವ ನನ್ನ ಬಿಟ್ಟಿನ ಕತ್ತರಿಸುವ ಭಾಗವೇ 25 ಮಿ.ಮೀ. ಉದ್ದ. 3 ಮಿ.ಮೀ. ಮರಕ್ಕೆ ಇಳಿದರೆ 22 ಮೇಲೆ ಉಳಿಯುತ್ತದೆ, ಬೇರಿಂಗ್ ಅದಕ್ಕೂ ಮೇಲೆ. 12 ಮಿ.ಮೀ. ಪ್ಲೈವುಡ್ ಟೆಂಪ್ಲೇಟನ್ನು ಅದು ಮುಟ್ಟುವುದೇ ಇಲ್ಲ. ಪ್ಲೈ ಮೇಲೆ ಪ್ಲೈ ಅಂಟಿಸಿ ದಪ್ಪ ಮಾಡಬೇಕು, ಇಲ್ಲವೇ ಗಿಡ್ಡ ಬಿಟ್ ಹುಡುಕಬೇಕು. ಬುಷ್ ರೌಟರಿನ ತಳಕ್ಕೇ ಕೂರುತ್ತದೆ. ಬಿಟ್ಟನ್ನು ಎಷ್ಟು ಇಳಿಸಿದರೂ ಅದು ಟೆಂಪ್ಲೇಟಿಗೆ ಒರಗಿಯೇ ಇರುತ್ತದೆ. ಬುಷ್ಷಿನ ಕತ್ತು ಟೆಂಪ್ಲೇಟಿನ ದಪ್ಪಕ್ಕಿಂತ ಗಿಡ್ಡ ಇದ್ದರೆ ಸಾಕು.

ಲೆಕ್ಕಕ್ಕೆ ಹೆದರಿ ಜನ ಬುಷ್ ಬಿಡುತ್ತಾರೆ. ಇರುವುದು ಒಂದೇ ಲೆಕ್ಕ: ಬುಷ್ಷಿನ ಹೊರ ಅಳತೆಯಲ್ಲಿ ಬಿಟ್ಟಿನ ಅಳತೆ ಕಳೆದು ಅರ್ಧ ಮಾಡಿ. ಟೆಂಪ್ಲೇಟಿನ ಅಂಚಿಗೂ ಕಚ್ಚಿನ ಅಂಚಿಗೂ ಇರುವ ಅಂತರ ಅದು. 10 ಮಿ.ಮೀ. ಬುಷ್, 6 ಮಿ.ಮೀ. ಬಿಟ್ ಆದರೆ 2 ಮಿ.ಮೀ. ಹಿಂಜ್ 100 ಮಿ.ಮೀ. ಉದ್ದ ಇದ್ದರೆ ಎರಡು ತುದಿಗೂ ಸೇರಿ ಟೆಂಪ್ಲೇಟಿನ ಕಿಂಡಿ 104. ಹೊರ ಅಂಚು ಕತ್ತರಿಸುವಾಗ ಉಲ್ಟಾ, ಟೆಂಪ್ಲೇಟ್ ಅಷ್ಟೇ ಚಿಕ್ಕದಾಗಬೇಕು. ಮೂಲೆಯಲ್ಲಿ ಉಳಿಯುವ ದುಂಡನ್ನು ಹೇಗೂ ಉಳಿಯಲ್ಲೇ ತೆಗೆಯಬೇಕು.

ಬುಷ್ಷಿನ ನಿಜವಾದ ತಲೆನೋವು ಬೇರೆ. ಬಿಟ್ ಅದರ ನಟ್ಟನಡುವೆ ನಿಲ್ಲಬೇಕು. ಅಗ್ಗದ ತಳದ ಪ್ಲೇಟುಗಳಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ಆಗ ರೌಟರನ್ನು ಕೈಯಲ್ಲಿ ತಿರುಗಿಸಿದಂತೆಲ್ಲ ಕಚ್ಚಿನ ಅಂಚು ಡೊಂಕಾಗುತ್ತದೆ. ತಳದ ಒಂದು ಬದಿಗೆ ಪೆನ್ನಿನಲ್ಲಿ ಗುರುತು ಹಾಕಿ, ಕೊನೆತನಕ ಆ ಬದಿ ನಿಮ್ಮ ಕಡೆಗೇ ಇರುವಂತೆ ಓಡಿಸಿದರೆ ಆ ಕಾಟ ಬಹುಪಾಲು ತಪ್ಪುತ್ತದೆ.

ಸ್ಟೂಲಿನ ಕಾಲಿಗೆ ಬಂದರೆ ಆಟ ತಿರುಗಿತು. ಕಾಲು ಯಾವ ಆಕಾರವೋ ಟೆಂಪ್ಲೇಟೂ ಅದೇ ಆಕಾರ. ಜಿಗ್ ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿ, ಬೇರಿಂಗ್ ಬಿಟ್ ಓಡಿಸಿದರೆ ಎಲ್ಲ ಕಾಲೂ ಒಂದೇ ಥರ. ಆದರೆ ಬೇರಿಂಗ್ ಏನನ್ನೂ ಕ್ಷಮಿಸುವುದಿಲ್ಲ. ಪ್ಲೈ ಅಂಚಿನಲ್ಲಿ ಸಣ್ಣ ತೂತಿದ್ದರೂ ಅದು ಮರದಲ್ಲಿ ಮೂಡುತ್ತದೆ. ಅದಕ್ಕೇ ಅಂಚಿಗೆ ಪುಟ್ಟಿ ತುಂಬಿ ಉಜ್ಜುತ್ತೇನೆ. ಎಂಡಿಎಫ್ ಇನ್ನೂ ನುಣುಪು, ನಿಜ. ನಮ್ಮ ಮಳೆಗಾಲದ ತೇವಕ್ಕೆ ಅದರ ಅಂಚು ಉಬ್ಬುತ್ತದೆ. ಜೂನ್ ಆದ ಮೇಲೆ ನಾನು ಅದನ್ನು ನಂಬುವುದಿಲ್ಲ. ಇನ್ನೊಂದು, ಅಂಟು ಮೆತ್ತಿ ಬೇರಿಂಗ್ ಹಿಡಿದುಕೊಂಡರೆ ಅದೂ ಬಿಟ್ ಜೊತೆಗೇ ತಿರುಗಿ ಟೆಂಪ್ಲೇಟನ್ನು ಸುಡುತ್ತದೆ. ಪ್ರತಿ ಸಲ ಬೆರಳಲ್ಲಿ ತಿರುಗಿಸಿ ನೋಡಿ. ಪ್ಲಗ್ ಕಿತ್ತ ಮೇಲೆ, ಅಷ್ಟೇ.

ಬಾಗಿದ ಕಡೆ ಮರದ ಎಳೆ ದಿಕ್ಕು ಬದಲಿಸುತ್ತದೆ. ಸಿಲ್ವರ್ ಅಲ್ಲಿ ಚಕ್ಕೆ ಏಳುವುದು ಜಾಸ್ತಿ. ಇಲ್ಲಿ ತುದಿಯಲ್ಲಿ ಬೇರಿಂಗ್ ಇರುವ ಬಿಟ್ ಬೇಕಾಗುತ್ತದೆ. ಆಚಾರಿಗಳು ಮೈಕಾ ಅಂಚು ತೆಗೆಯುವುದು ಇದರಲ್ಲೇ, ಅಲ್ವಾ? ಕಾಲಿನ ಅರ್ಧ ಭಾಗವನ್ನು ಮೇಲಿನ ಬೇರಿಂಗಿನಲ್ಲಿ ಮುಗಿಸಿ, ಹಲಗೆ ಮಗುಚಿ, ಉಳಿದರ್ಧಕ್ಕೆ ಇದನ್ನು ಹಾಕಿದರೆ ಎರಡೂ ಕಡೆ ಎಳೆಯ ಜೊತೆಗೇ ಕತ್ತರಿಸಿದಂತಾಗುತ್ತದೆ. ಬುಷ್ಷಿನಲ್ಲಿ ಹೀಗೆ ಮಗುಚಲು ಆಗುವುದಿಲ್ಲ.

ರೌಟರ್ ಓಡಿಸುವ ದಿಕ್ಕು ಬುಷ್, ಮೇಲಿನ ಬೇರಿಂಗ್, ತುದಿಯ ಬೇರಿಂಗ್ ಮೂರಕ್ಕೂ ಒಂದೇ: ಹೊರ ಅಂಚಾದರೆ ಗಡಿಯಾರಕ್ಕೆ ಎದುರಾಗಿ, ಕಿಂಡಿಯ ಒಳಗಾದರೆ ಗಡಿಯಾರದಂತೆ.

ಬಾಗಿಲು, ಲಾಕು, ಹಿಂಜ್ ಜಾಸ್ತಿ ಮಾಡುವವರು ಬೇರಿಂಗ್ ಬಿಟ್ಟಿಗೆ ಸುಮ್ನೆ ದುಡ್ಡು ಹಾಕಬೇಡಿ. ಡಬ್ಬದಲ್ಲಿರುವ ಬುಷ್ಷಿಗೆ ಒಂದು ಸಾದಾ 6 ಮಿ.ಮೀ. ನೇರ ಬಿಟ್ ಸಾಕು. ಟೆಂಪ್ಲೇಟ್ ಮಾಡಿದ ದಿನವೇ ಅದರ ಮೇಲೆ 'ಬುಷ್ 10, ಬಿಟ್ 6' ಎಂದು ದಪ್ಪಗೆ ಬರೆದಿಡಿ. ಆರು ತಿಂಗಳು ಬಿಟ್ಟು ಬೇರೆ ಬಿಟ್ ಹಾಕಿದರೆ ಹಿಂಜ್ ಕೂರುವುದಿಲ್ಲ.